ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಗೊಬ್ಬರ: ಪ್ರಶ್ನೋತ್ತರ

ಪ್ರಶ್ನೆ (ಕುವೆಂಪುನಗರ, ಮೈಸೂರು): ಮೊದಲ ಮಹಡಿಯ ಬಾಡಿಗೆ ಮನೆ, 11 ತಿಂಗಳ ಕರಾರು, ನಾವು ಮೂವರು. ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವ ಆಸೆ. ಮಾಲೀಕರು "ವಾಸನೆ ಬರುತ್ತದೆ, ನೆಲಕ್ಕೆ ಕಲೆ ಹಿಡಿಯುತ್ತದೆ" ಎಂದು ಬೇಡವೆನ್ನುತ್ತಾರೆ. ಪೌರಕಾರ್ಮಿಕರು ಹೇಗೂ ಒಯ್ಯುತ್ತಾರಲ್ಲ, ನಿನಗೇಕೆ ಈ ಗೋಜು ಎಂದು ಮನೆಯವರ ರಾಗ. ಏನು ಮಾಡಲಿ?

ಉತ್ತರ (ಪರಿಸರ ಎಂಜಿನಿಯರ್): ದಯವಿಟ್ಟು ಕೈಬಿಡಬೇಡಿ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂದ ಊರು ನಮ್ಮದು. ಅದೇ ಊರಿನ ವಿದ್ಯಾರಣ್ಯಪುರಂ ಸೂಯೇಜ್ ಫಾರ್ಮ್‌ನಲ್ಲಿ ವರ್ಷಗಟ್ಟಲೆ ಸುರಿದ ಕಸ ಗುಡ್ಡವಾಗಿ ಬೆಳೆದು, ಸುತ್ತಲಿನವರು ಮೂಗು ಮುಚ್ಚಿಕೊಂಡು ಬದುಕಿದ್ದಾರೆ. ಹಸಿ ಕಸ ಬೆರೆತ ಕಾಗದ, ಪ್ಲಾಸ್ಟಿಕ್ ಮರುಬಳಕೆಗೂ ಬಾರದು.

ಮಾಲೀಕರ ಭಯ ಸುಳ್ಳಲ್ಲ. ವಾಸನೆಗೂ ಕಲೆಗೂ ಕಾರಣ ಒಂದೇ, ಹೆಚ್ಚಾದ ನೀರು. ನೀರು ತುಂಬಿದರೆ ಗಾಳಿ ಆಡದೆ ಕಸ ಕೊಳೆಯುತ್ತದೆ, ಕೆಳಗೆ ಕಂದು ರಸ ಸೋರುತ್ತದೆ. 20 ಲೀಟರಿನ ಹಳೆಯ ಪೇಂಟ್ ಡಬ್ಬಿ ಮೂರು ತನ್ನಿ. ಚೆನ್ನಾಗಿ ತೊಳೆದು, ಪಕ್ಕಗಳಿಗೆ ಡ್ರಿಲ್ಲಿನಿಂದ ಸಣ್ಣ ತೂತು ಹಾಕಿಸಿ. ತಳಕ್ಕೆ ತೂತು ಬೇಡ. ನಾಲ್ಕು ಬೆರಳಷ್ಟು ತೆಂಗಿನ ನಾರಿನ ಪುಡಿ ಹರಡಿ, ಡಬ್ಬಿಯ ಕೆಳಗೆ ಹಳೆಯ ತಟ್ಟೆ ಇಡಿ. ದಿನದ ಸಿಪ್ಪೆ, ಕಾಫಿ ಚರಟ ಹಾಕಿದ ಮೇಲೆ ಅದು ಕಣ್ಣಿಗೆ ಕಾಣದಷ್ಟು ಒಣ ಎಲೆ ಮುಚ್ಚಬೇಕು. ಮಾಘದ ಹೊತ್ತಿಗೆ ಬೀದಿಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಯಾರಾದರೂ ಗುಡಿಸಿ ಬೆಂಕಿ ಹಚ್ಚುವ ಮುಂಚೆ ಎರಡು ಚೀಲ ತುಂಬಿಟ್ಟುಕೊಳ್ಳಿ. ಉಳಿದ ಹುಳಿ, ಸಾರು ಮಾತ್ರ ಸುರಿಯಬೇಡಿ.

ವಾರಕ್ಕೆರಡು ಸಲ ಕೋಲಿನಿಂದ ತಿರುವಿ, ಒಂದು ಹಿಡಿ ತೆಗೆದು ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಇನ್ನಷ್ಟು ಎಲೆ ಬೇಕು. ಪುಡಿಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ. ಮುದ್ದೆಯಂತೆ ಕೂಡಿಕೊಂಡು, ಅಂಗೈ ಬರೀ ತೇವವಾದರೆ ಹದ ಸರಿ. ಒಂದು ಬೇಸಿಗೆಯಲ್ಲಿ ನನ್ನ ಡಬ್ಬಿಯೇ ನಾರಿತ್ತು. ಇಡೀ ಕಲ್ಲಂಗಡಿಯ ಸಿಪ್ಪೆ ಒಂದೇ ದಿನ ಹಾಕಿದ್ದೆ. ಎಲೆ ಬೆರೆಸಿ ಎರಡು ದಿನ ತೆರೆದಿಟ್ಟ ಮೇಲೆ ವಾಸನೆ ಹೋಯಿತು.

ಮೂರನೆಯ ಡಬ್ಬಿ ತುಂಬುವ ವೇಳೆಗೆ ಮೊದಲನೆಯದು ಗೊಬ್ಬರವಾಗಿರುತ್ತದೆ. ಮಾಲೀಕರಿಗೆ ಒಂದು ತಿಂಗಳ ಗಡುವು ಕೇಳಿ, ತಿಂಗಳಾದ ಮೇಲೆ ಕರೆದು ಮುಚ್ಚಳ ತೆಗೆದು ತೋರಿಸಿ.

ಪ್ರಶ್ನೆ (ಅದೇ ಮನೆಯಿಂದ, ಐದು ವಾರದ ನಂತರ): ಮಾಲೀಕರು ಒಪ್ಪಿದರು. ಆದರೆ ಒಳಗೆ ದಪ್ಪ ಹುಳುಗಳು! ಎಸೆದುಬಿಡಲೇ?

ಉತ್ತರ: ಎಸೆಯಬೇಡಿ. ಅವು ಹೆಚ್ಚಾಗಿ ಕಪ್ಪು ಸೋಲ್ಜರ್ ನೊಣದ ಮರಿಗಳು. ಕಚ್ಚುವುದಿಲ್ಲ, ಕಸವನ್ನು ಬೇಗ ಕರಗಿಸುತ್ತವೆ. ತೀರಾ ಹೆಚ್ಚಿದ್ದರೆ ಒಣ ಎಲೆ ಹಾಕಿ, ತೇವ ಇಳಿದಂತೆ ಕಡಿಮೆಯಾಗುತ್ತವೆ.

ಪ್ರಶ್ನೆ (ಮಂಡ್ಯ): ನಮ್ಮ ಬೀದಿಯಲ್ಲಿ ಮರವೇ ಇಲ್ಲ, ಒಣ ಎಲೆಗೆ ಎಲ್ಲಿಗೆ ಹೋಗಲಿ? ಇನ್ನೊಂದು, ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆ. ಹಾಗಿದ್ದೂ ಗೀಸರ್ ಬಳಕೆ ತಗ್ಗಿಸಬೇಕೇ?

ಉತ್ತರ: ಮಂಡ್ಯದಲ್ಲಿದ್ದು ಎಲೆಗೆ ಪರದಾಡಬೇಕೇ! ಕಬ್ಬಿನ ತರಗನ್ನು ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ ಬಳಸಿ. ಕಬ್ಬಿನ ಹಾಲು ಮಾರುವವರ ಗಾಣದ ಸಿಪ್ಪೆಯೂ ಆದೀತು, ಆದರೆ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ. ಸಿಹಿ ಉಳಿದರೆ ಇರುವೆ ಮುತ್ತುತ್ತದೆ.

ಬಿಲ್ಲು ಸೊನ್ನೆಯಾದರೂ ವಿದ್ಯುತ್ತು ಎಲ್ಲೋ ಉತ್ಪಾದನೆಯಾಗಿಯೇ ಬರಬೇಕು. 15 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು ಅರ್ಧ ಯೂನಿಟ್ ಬೇಕು. 2 ಕಿಲೋವ್ಯಾಟ್ ಗೀಸರ್‌ಗೆ ಕಾಲು ಗಂಟೆಯ ಕೆಲಸ. ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ, ಆರಿಸಿಯೇ ಒಳಗೆ ಹೋಗಿ. ಹಣ ಹಾಕುವುದಾದರೆ ಬಿಎಲ್‌ಡಿಸಿ ಫ್ಯಾನಿಗೆ ಹಾಕಿ. ಹಳೆಯ ಫ್ಯಾನು 75 ವ್ಯಾಟ್ ನುಂಗುವ ಕಡೆ ಅದಕ್ಕೆ 30ರ ಆಸುಪಾಸು ಸಾಕು. ಮಾಲೀಕರ ಫ್ಯಾನನ್ನು ಅಟ್ಟದಲ್ಲಿ ಜೋಪಾನವಾಗಿಟ್ಟು, ಮನೆ ಬಿಡುವಾಗ ಮತ್ತೆ ತೂಗುಹಾಕಿ. ಇಲ್ಲವಾದರೆ ಮುಂಗಡದಲ್ಲಿ ಹಿಡಿದುಕೊಂಡಾರು.

ಪ್ರಶ್ನೆ (ಕುವೆಂಪುನಗರ): ಕರಾರು ಮುಗಿಯುತ್ತಿದೆ, ಮನೆ ಬದಲಿಸುತ್ತಿದ್ದೇವೆ. ಅರ್ಧ ಮಾಗಿದ ಡಬ್ಬಿಗಳನ್ನು ಏನು ಮಾಡಲಿ?

ಉತ್ತರ: ಎರಡು ವಾರ ಮುಂಚೆಯೇ ಹೊಸ ಕಸ ಹಾಕುವುದನ್ನು ನಿಲ್ಲಿಸಿ, ತಿರುವಿ ತೇವ ಆರಿಸಿ. ಬಾಯಿಗೆ ಹಳೆಯ ಪಂಚೆಯ ತುಂಡು ಕಟ್ಟಿದರೆ ಹೂಕುಂಡಗಳ ಜೊತೆ ಆಟೋದಲ್ಲೇ ಹೋಗುತ್ತವೆ. ಪೂರ್ತಿ ಮಾಗಿದ ಡಬ್ಬಿಯದನ್ನು ಹೊರಡುವ ಮುಂಚೆ ಮಾಲೀಕರ ದಾಸವಾಳದ ಬುಡಕ್ಕೆ ಹಾಕಿ ಹೋಗಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ದೂರದಲ್ಲಿ ಮಣ್ಣು ಕೆದಕಿ, ಎರಡು ಬೊಗಸೆ.