ಇಂಟರ್ನ್‌ಶಿಪ್ ಸಂದರ್ಶನದಲ್ಲಿ ನನಗೆ ಅಡ್ಡಿಯಾದದ್ದು ಇಂಗ್ಲಿಷೇ?

ಪ್ರಶ್ನೆ (ಆರನೆಯ ಸೆಮಿಸ್ಟರ್ ವಿದ್ಯಾರ್ಥಿನಿ):
ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಕಳೆದ ವಾರ ವಿಜಯನಗರದಿಂದ ನೇರಳೆ ಮಾರ್ಗದ ಮೆಟ್ರೊ ಹಿಡಿದು ವೈಟ್‌ಫೀಲ್ಡಿಗೆ, ನನ್ನ ಮೊದಲ ಸಂದರ್ಶನಕ್ಕೆ ಹೋಗಿದ್ದೆ. ಏರಿಕೆ ಕ್ರಮದಲ್ಲಿರುವ 10 ಲಕ್ಷ ಸಂಖ್ಯೆಗಳಲ್ಲಿ ಒಂದನ್ನು ಹುಡುಕುವುದು ಹೇಗೆಂದು ಕೇಳಿದರು. ಪ್ರತಿ ಸಲ ನಡುವಿನ ಸಂಖ್ಯೆಯನ್ನು ನೋಡಿ ಅರ್ಧ ಭಾಗವನ್ನು ಕೈಬಿಡುತ್ತ ಹೋಗುವ ಬೈನರಿ ಸರ್ಚ್ ಎಂದೆ. ಹೆಚ್ಚೆಂದರೆ 20 ಹೋಲಿಕೆ ಸಾಕೆಂದೂ ಹೇಳಿದೆ. ಸಂಖ್ಯೆಗಳು ಕ್ರಮದಲ್ಲಿ ಇಲ್ಲದಿದ್ದರೆ ಎಂದಾಗ, ಮೊದಲು ಸಾರ್ಟ್ ಮಾಡಿ (ಅಂದರೆ ಕ್ರಮವಾಗಿ ಜೋಡಿಸಿ) ಆಮೇಲೆ ಹುಡುಕುತ್ತೇನೆ ಎಂದೆ. ಏಕೆ ಎಂದು ಕೇಳಿದ ಕೂಡಲೇ ಇಂಗ್ಲಿಷಿನಲ್ಲಿ ಒಂದು ವಾಕ್ಯವೂ ಕೂಡಿಬರದೆ ಸುಮ್ಮನೆ ಕುಳಿತುಬಿಟ್ಟೆ. ಆಯ್ಕೆಯಾಗಲಿಲ್ಲ. ಮುಂದಿನ ವಾರ ಇನ್ನೊಂದು ಸಂದರ್ಶನವಿದೆ, ಅಷ್ಟರೊಳಗೆ ಭಾಷೆಯನ್ನು ಹೇಗೆ ಸರಿಪಡಿಸಿಕೊಳ್ಳಲಿ?

ಉತ್ತರ (ಸಾಫ್ಟ್‌ವೇರ್ ಎಂಜಿನಿಯರ್):
ನಾನೂ ಸಂದರ್ಶನ ನಡೆಸುವವನಾದ್ದರಿಂದ ನೇರವಾಗಿ ಹೇಳುತ್ತೇನೆ, ನೊಂದುಕೊಳ್ಳಬೇಡಿ: ತೊಡಕು ಇದ್ದದ್ದು ಉತ್ತರದಲ್ಲಿ. ಕ್ರಮವಿಲ್ಲದ 10 ಲಕ್ಷ ಸಂಖ್ಯೆಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರೂ ಆಗುವುದು 10 ಲಕ್ಷ ಹೋಲಿಕೆ. ಅವನ್ನೇ ಸಾರ್ಟ್ ಮಾಡಲು ಸುಮಾರು 2 ಕೋಟಿ ಹೋಲಿಕೆ ಬೇಕು. ಒಂದೇ ಸಲ ಹುಡುಕುವುದಕ್ಕಾಗಿ ಅಷ್ಟು ಖರ್ಚು ಮಾಡುವುದು ವ್ಯರ್ಥ. ಇಪ್ಪತ್ತಕ್ಕಿಂತ ಹೆಚ್ಚು ಸಲ, ಉದಾಹರಣೆಗೆ ಸಾವಿರ ಸಲ ಹುಡುಕುವುದಿದ್ದರೆ ನಿಮ್ಮ ಉಪಾಯವೇ ಸರಿ. ಆದ್ದರಿಂದ ನೀವು ಮೊದಲು ಕೇಳಬೇಕಾಗಿದ್ದುದು, "ಎಷ್ಟು ಸಲ ಹುಡುಕಬೇಕು?" ಎಂದು. ಅವರು "ಏಕೆ" ಎಂದು ಕೇಳಿದ್ದು ಬಹುಶಃ ನಿಮ್ಮಿಂದ ಆ ಪ್ರಶ್ನೆ ಬರಲಿ ಎಂದೇ.

ಉತ್ತರ (ಎಂ.ಟೆಕ್ ವಿದ್ಯಾರ್ಥಿನಿ):
ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಭಾಷೆಯ ಭಯವನ್ನು ಅಷ್ಟು ಸುಲಭವಾಗಿ ಬದಿಗಿಡಬಾರದು. ನಾನೂ ಕನ್ನಡ ಮಾಧ್ಯಮದಿಂದ ಬಂದವಳು. ಉತ್ತರ ಮನಸ್ಸಿನಲ್ಲಿದ್ದೂ ಬಾಯಿಗೆ ಬಾರದಿರುವ ಸಂಕಟ ಎಷ್ಟೆಂದು ಬಲ್ಲೆ. ಹಾಳೆ ಕೇಳಿ ಪಡೆದು, ಐದಾರು ಸಂಖ್ಯೆಗಳನ್ನು ಬರೆದು, ಬೆರಳಿಟ್ಟು ತೋರಿಸುತ್ತ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತನಾಡುವುದು ನನಗೆ ನೆರವಾಯಿತು. ಯೋಚಿಸಲು ಒಂದು ನಿಮಿಷ ಬೇಕೆಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಈ ಲೆಕ್ಕವನ್ನು ಪಿಜಿಯ ಗೆಳತಿಗೆ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ವಿವರಿಸಿದೆ. ಹಲವು ಸಲ ಹುಡುಕುವುದಿದ್ದರೆ ಸಾರ್ಟ್ ಮಾಡುವ ಬದಲು ಹ್ಯಾಶ್ ಟೇಬಲ್ (ಪ್ರತಿ ಸಂಖ್ಯೆಯಿಂದಲೇ ಅದನ್ನಿಡುವ ಜಾಗವನ್ನು ಲೆಕ್ಕಹಾಕಿ, ಹುಡುಕುವಾಗ ನೇರವಾಗಿ ಅಲ್ಲಿಗೇ ಹೋಗುವಂಥ ಪಟ್ಟಿ) ಕಟ್ಟಬಾರದೇಕೆ ಎಂದು ಅವಳು ಕೇಳಿದಳು.

ಉತ್ತರ (ಸಾಫ್ಟ್‌ವೇರ್ ಎಂಜಿನಿಯರ್):
ಖಂಡಿತ ಕಟ್ಟಬಹುದು. ಅದಕ್ಕೆ ಹೆಚ್ಚಿನ ಮೆಮೊರಿ ಬೇಕಾಗುತ್ತದೆ ಎಂಬುದನ್ನು ಮಾತ್ರ, ಅವರು ಕೇಳುವ ಮೊದಲೇ ನೀವಾಗಿ ಹೇಳಿ.