ಸಹಾಯ ಬೇಕು: 2011ರ ಸಂಡೂರು, ಬಳ್ಳಾರಿ ನೆನಪಿರುವವರು ಸ್ವಲ್ಪ ಮಾತಾಡ್ತೀರಾ?

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವಳು, ಹುಟ್ಟಿದ್ದು 1989ರಲ್ಲಿ. ನಮ್ಮ ವಯಸ್ಸಿನವರ ಬಗ್ಗೆ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಅರ್ಧಕ್ಕೆ ಬಂದು ನಿಂತಿದೆ.

ಕಥೆಯಲ್ಲಿ ಇಬ್ಬರು. ಹುಡುಗ ಸಂಡೂರಿನವನು, ಅದಿರು ಸಾಗಿಸಲು ಮನೆಯವರು ಸಾಲ ಮಾಡಿ ಎರಡು ಟಿಪ್ಪರ್ ತಗೊಂಡಿದ್ದಾರೆ. ಹುಡುಗಿ ಇಂಜಿನಿಯರಿಂಗ್ ಮುಗಿಸಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದವಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು ಅಲ್ವಾ, ಆಗ ಅವನ ಮನೆಯ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ, ಬರುಬರುತ್ತಾ ಅವನು ಅವಳ ಫೋನ್ ಎತ್ತುವುದನ್ನೇ ಬಿಡುತ್ತಾನೆ, ಯಾಕೆ ಅಂತ ಅವಳಿಗೆ ಗೊತ್ತಾಗುವುದೇ ಇಲ್ಲ. ಇಲ್ಲಿವರೆಗೆ ಬರೆಯಲು ಬಂತು. ಅವಳ ಕಡೆಯದು ನನಗೆ ಗೊತ್ತು. ಅವನ ಕಡೆಯದು ಗೊತ್ತಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಆಗ ಲಾರಿ, ಟಿಪ್ಪರ್ ಇದ್ದವರ ಮನೆಯಲ್ಲಿ ಬೆಳೆದವರು ಯಾರಾದರೂ ಇದ್ದೀರಾ? ಕಂತು ಕಟ್ಟಲು ಆಗದ ತಿಂಗಳಲ್ಲಿ ಮನೆಯಲ್ಲಿ ಏನು ಮಾತಾಡುತ್ತಿದ್ದರು? ಗಾಡಿ ಸುಮ್ನೆ ಎಲ್ಲಿ ನಿಂತಿರುತ್ತಿತ್ತು? ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಿದ್ದಿರಿ? ಮಾತುಕತೆ ಆಗಿದ್ದ ಮದುವೆ ಮುರಿದದ್ದುಂಟಾ, ಅಥವಾ ಪ್ರೀತಿಸಿದವರಿಗೆ ಹೇಳಲಾಗದೆ ದೂರ ಆದಿರಾ? ಇದೇ ನನಗೆ ಜಾಸ್ತಿ ಬೇಕಾಗಿರುವುದು. ದೊಡ್ಡ ಘಟನೆ ಬೇಡ, ಸಣ್ಣದೊಂದು ನೆನಪು ಸಾಕು.

2013ರಲ್ಲಿ ನಮ್ಮ ಹೈದರಾಬಾದ್ ಕರ್ನಾಟಕದವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371 ಜೆ ವಿಧಿ ಜಾರಿಯಾದ ಮೇಲೆ ಸರ್ಕಾರಿ ಕೆಲಸಕ್ಕೆಂದು ಓದಲು ಕೂತು, ಮೂವತ್ತು ದಾಟಿದರೂ ಓದುತ್ತಲೇ ಇದ್ದವರೂ ಬರೆಯಿರಿ.

ಯಾರ ಹೆಸರೂ, ಊರಿನ ಗುರುತೂ ಕಥೆಯಲ್ಲಿ ಬರುವುದಿಲ್ಲ, ಆ ಭಾಗ ಬರೆದ ಮೇಲೆ ಮೊದಲು ನಿಮಗೇ ಓದಲು ಕೊಡುತ್ತೇನೆ. ಬರೆಯಲು ಆಗದಿದ್ದರೆ ವಾಯ್ಸ್ ಮೆಸೇಜ್ ಕಳಿಸಿ, ಎಷ್ಟು ಉದ್ದ ಇದ್ದರೂ ಕೇಳುತ್ತೇನೆ.