ಯುದ್ಧದಲ್ಲಿರುವ ಉಕ್ರೇನ್ ನೇಟೊ ಸೇರಲು ನಿಜವಾಗಿ ಅಡ್ಡಿ ಯಾವುದು?

ಪ್ರಶ್ನೆ

ಯುದ್ಧದಲ್ಲಿರುವ ದೇಶವನ್ನು ಅಮೆರಿಕ, ಯುರೋಪ್ ದೇಶಗಳ ಸೇನಾ ಒಕ್ಕೂಟವಾದ ನೇಟೊ ಸೇರಿಸಿಕೊಳ್ಳುವಂತಿಲ್ಲ, ನಿಯಮವೇ ಹಾಗಿದೆ ಎಂದು ಟಿವಿ ಚರ್ಚೆಗಳಲ್ಲಿ ಪದೇ ಪದೇ ಹೇಳುತ್ತಾರೆ. ಒಪ್ಪಂದದ ಯಾವ ವಿಧಿಯಲ್ಲಿ ಹೀಗಿದೆ? ಫಿನ್ಲೆಂಡ್ 2022ರ ಮೇ 18ರಂದು ಅರ್ಜಿ ಕೊಟ್ಟು 2023ರ ಏಪ್ರಿಲ್ 4ರಂದು ಸದಸ್ಯನಾಯಿತು. ಉಕ್ರೇನ್ 2022ರ ಸೆಪ್ಟೆಂಬರ್ 30ರಂದೇ ಅರ್ಜಿ ಹಾಕಿದೆ. ಅದು ಈಗ ಯಾವ ಮೆಟ್ಟಿಲ ಮೇಲಿದೆ? ಸೇರಿದ ಮರುದಿನವೇ 5ನೇ ವಿಧಿಯಂತೆ ಎಲ್ಲ ದೇಶಗಳೂ ರಷ್ಯಾ ಮೇಲೆ ಯುದ್ಧಕ್ಕಿಳಿಯಬೇಕಾಗುತ್ತದೆಯೇ?

ಉತ್ತರ 1

ಅಂಥ ವಿಧಿಯೇ ಇಲ್ಲ. ನೇಟೊ ಹುಟ್ಟಿದ 1949ರ ಒಪ್ಪಂದದಲ್ಲಿ ಒಟ್ಟು 14 ವಿಧಿಗಳು. ಹೊಸ ಸದಸ್ಯರ ಬಗ್ಗೆ ಮಾತಾಡುವುದು 10ನೆಯದು ಮಾತ್ರ. ಅದು ಕೇಳುವುದಿಷ್ಟು: ದೇಶ ಯುರೋಪಿನದಾಗಿರಬೇಕು, ಒಪ್ಪಂದದ ತತ್ವಗಳನ್ನು ಮುನ್ನಡೆಸಿ ಉತ್ತರ ಅಟ್ಲಾಂಟಿಕ್ ಪ್ರದೇಶದ ಭದ್ರತೆಗೆ ಹೆಗಲು ಕೊಡುವಂತಿರಬೇಕು, ಇರುವ ಸದಸ್ಯರೆಲ್ಲ ಒಮ್ಮತದಿಂದ ಕರೆಯಬೇಕು. ಯುದ್ಧದ ಪ್ರಸ್ತಾಪವೇ ಅಲ್ಲಿಲ್ಲ.

ಟಿವಿಯವರ ಮಾತಿಗೆ ಮೂಲ 1995ರಲ್ಲಿ ನೇಟೊ ತಾನೇ ಹೊರಡಿಸಿದ ವಿಸ್ತರಣಾ ಅಧ್ಯಯನ. ಜನಾಂಗೀಯ ಕಲಹ ಅಥವಾ ಗಡಿ ತಕರಾರು ಇರುವ ದೇಶಗಳು ಅದನ್ನು ಶಾಂತಿಯಿಂದ ಬಗೆಹರಿಸಿಕೊಳ್ಳಬೇಕು, ಆಹ್ವಾನ ಕೊಡಬೇಕೋ ಬೇಡವೋ ಎಂದು ನೋಡುವಾಗ ಅದೂ ಒಂದು ಅಂಶ ಎಂದು ಅದು ಹೇಳುತ್ತದೆ. ಒಂದು ಅಂಶ ಅಷ್ಟೇ, ನಿಷೇಧ ಅಲ್ಲ. ಈ ವ್ಯತ್ಯಾಸ ತುಂಬಾ ಮುಖ್ಯ. ನಿಷೇಧವಾದರೆ ಒಪ್ಪಂದವನ್ನೇ ತಿದ್ದಬೇಕಿತ್ತು. ಇಲ್ಲಿ 32 ದೇಶಗಳು ಮನಸ್ಸು ಮಾಡಿದರೆ ಸಾಕು. ಆ ಮನಸ್ಸೇ ಒಂದಾಗಿಲ್ಲ.

ಮೆಟ್ಟಿಲುಗಳ ವಿಷಯ. ಮೊದಲು ಆಹ್ವಾನ ಬರಬೇಕು. ಆಮೇಲೆ ನೇಟೊ ಕೇಂದ್ರ ಕಚೇರಿ ಇರುವ ಬ್ರಸೆಲ್ಸ್‌ನಲ್ಲಿ ಸೇರ್ಪಡೆ ಮಾತುಕತೆ: ರಾಜಕೀಯ, ರಕ್ಷಣೆ, ಕಾನೂನು, ಗುಪ್ತ ಮಾಹಿತಿಯ ರಕ್ಷಣೆ, ಸಾಮಾನ್ಯ ಬಜೆಟ್‌ಗೆ ಕೊಡಬೇಕಾದ ಪಾಲು. ನಂತರ ಆ ದೇಶದ ಪತ್ರ, ಸೇರ್ಪಡೆ ಪ್ರೋಟೊಕಾಲ್ ಎಂಬ ಪೂರಕ ಒಪ್ಪಂದಕ್ಕೆ ಸಹಿ, ಪ್ರತಿ ಸದಸ್ಯ ದೇಶದ ಅನುಮೋದನೆ. ಕೊನೆಗೆ ಸೇರುವ ದೇಶ ತನ್ನ ಸೇರ್ಪಡೆ ದಸ್ತಾವೇಜನ್ನು ಅಮೆರಿಕ ಸರ್ಕಾರದ ವಶಕ್ಕೆ ಕೊಡಬೇಕು. ಕೊಟ್ಟ ಆ ದಿನವೇ ಸದಸ್ಯತ್ವ.

ಫಿನ್ಲೆಂಡ್, ಸ್ವೀಡನ್ ಮಾತುಕತೆ 2022ರ ಜುಲೈ 4ರಂದು ಒಂದೇ ದಿನದಲ್ಲಿ ಮುಗಿಯಿತು, ಮರುದಿನ ಸಹಿ ಬಿತ್ತು. ಸಮಯ ತಿಂದದ್ದು ಅನುಮೋದನೆ. ಟರ್ಕಿ, ಹಂಗೇರಿ ತಡಮಾಡಿದ್ದಕ್ಕೆ ಸ್ವೀಡನ್ 2024ರ ಮಾರ್ಚ್ 7ರವರೆಗೆ ಕಾಯಬೇಕಾಯಿತು. ಅಮೆರಿಕದ ಸೆನೆಟ್‌ನಲ್ಲಿ ಮೂರನೇ ಎರಡು ಬಹುಮತ ಬೇಕು. ನೂರೂ ಮಂದಿ ಹಾಜರಿದ್ದರೆ 67 ಮತ.

ಉಕ್ರೇನ್ ಇನ್ನೂ ಮೊದಲ ಮೆಟ್ಟಿಲನ್ನೇ ಹತ್ತಿಲ್ಲ. 2008ರಲ್ಲಿ ಬುಕಾರೆಸ್ಟ್‌ನ ನೇಟೊ ಶೃಂಗಸಭೆಯಲ್ಲಿ "ಮುಂದೆ ಸದಸ್ಯರಾಗುತ್ತೀರಿ" ಎಂಬ ಭರವಸೆ ಸಿಕ್ಕಿತು, ದಿನಾಂಕ ಸಿಗಲಿಲ್ಲ. 2023ರಲ್ಲಿ ವಿಲ್ನಿಯಸ್‌ನಲ್ಲಿ ಸದಸ್ಯತ್ವ ಕ್ರಿಯಾ ಯೋಜನೆ ಎಂಬ ಪೂರ್ವಸಿದ್ಧತಾ ಹಂತದಿಂದ ವಿನಾಯಿತಿ ಕೊಟ್ಟರು. ಆದರೆ ಸದಸ್ಯರು ಒಪ್ಪಿ, ಷರತ್ತುಗಳು ಪೂರೈಸಿದಾಗ ಆಹ್ವಾನ ಎಂದರು. 2024ರಲ್ಲಿ ವಾಷಿಂಗ್ಟನ್‌ನಲ್ಲಿ ಈ ದಾರಿಯಲ್ಲಿ ಹಿಂದೆ ತಿರುಗುವ ಮಾತಿಲ್ಲ ಎಂದರು. ಆಗಲೂ ಆಹ್ವಾನ ಪತ್ರ ಬರಲಿಲ್ಲ.

ಉತ್ತರ 2

5ನೇ ವಿಧಿಯ ಪ್ರಶ್ನೆಗೆ: ಇಲ್ಲ, ತಾನೇ ತಾನಾಗಿ ಯುದ್ಧ ಶುರುವಾಗುವುದಿಲ್ಲ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎಂದು ಹೇಳಿದ ಮೇಲೆ, ಪ್ರತಿ ದೇಶವೂ "ತನಗೆ ಅಗತ್ಯವೆಂದು ತೋರಿದ" ಕ್ರಮ ಕೈಗೊಳ್ಳಬೇಕು ಎನ್ನುತ್ತದೆ ಪಠ್ಯ. ಸೇನೆ ಕಳಿಸುವುದು ಅದರಲ್ಲಿ ಒಂದು ದಾರಿ. ಆದರೆ ಕಾಗದದ ಮೇಲಿನ ಈ ಸಡಿಲಿಕೆಯನ್ನು ನೆಚ್ಚಿಕೊಂಡು ಯಾರೂ ಸಹಿ ಹಾಕುವುದಿಲ್ಲ. ಸದಸ್ಯನ ಮೇಲೆ ಬಾಂಬ್ ಬೀಳುತ್ತಿರುವಾಗ ಬರೀ ಖಂಡನಾ ಹೇಳಿಕೆ ಕೊಟ್ಟರೆ ಆ ವಿಧಿಯನ್ನು ಆಮೇಲೆ ರಷ್ಯಾದ ಗಡಿಗೆ ಅಂಟಿರುವ ಸದಸ್ಯರಾದ ಎಸ್ಟೋನಿಯಾ, ಲಾಟ್ವಿಯಾ ಹೇಗೆ ನಂಬಬೇಕು? ಸದಸ್ಯ ದೇಶಗಳು ಹಿಂಜರಿಯುವುದು ಇದಕ್ಕೇ.

6ನೇ ವಿಧಿಯನ್ನೂ ಓದಿ. 5ನೆಯದು ಯಾವ ನೆಲಕ್ಕೆ ಅನ್ವಯ ಎಂದು ಹೇಳುವುದು ಅದು: ಯುರೋಪ್, ಉತ್ತರ ಅಮೆರಿಕ, ಟರ್ಕಿಯ ನೆಲ, ಕರ್ಕಾಟಕ ವೃತ್ತದ ಉತ್ತರಕ್ಕಿರುವ ಅಟ್ಲಾಂಟಿಕ್ ದ್ವೀಪಗಳು. ಇದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಪೋರ್ಚುಗಲ್ ನೇಟೊದ ಸ್ಥಾಪಕ ಸದಸ್ಯ. 1961ರ ಡಿಸೆಂಬರ್‌ನಲ್ಲಿ ಭಾರತದ ಸೇನೆ ಗೋವಾಕ್ಕೆ ಹೋದಾಗ, ಕಾರವಾರದ ದಡದಿಂದ ಕಾಣುವ ಅಂಜುದೀವದಲ್ಲಿ ನೌಕಾಪಡೆ ಇಳಿದಾಗ, 5ನೇ ವಿಧಿ ಅನ್ವಯಿಸಲೇ ಇಲ್ಲ. ಗೋವಾ ಆ ಗೆರೆಯ ಹೊರಗಿತ್ತು.

ಪ್ರಶ್ನೆ ಕೇಳಿದವರು

ಹಾಗಾದರೆ ಕೀವ್ ಹಿಡಿತದಲ್ಲಿರುವ ನೆಲಕ್ಕೆ ಮಾತ್ರ ಗೆರೆ ಎಳೆದು ಸೇರಿಸಿಕೊಳ್ಳಬಹುದಲ್ಲ? ಪಶ್ಚಿಮ ಜರ್ಮನಿಯನ್ನು ಹಾಗೇ ಸೇರಿಸಿದ್ದರಲ್ಲವೇ?

ಉತ್ತರ 2

ಕಾನೂನಿನ ಮಟ್ಟಿಗೆ ಸಾಧ್ಯ. ಗ್ರೀಸ್, ಟರ್ಕಿಗಾಗಿ 1951ರ ಪ್ರೋಟೊಕಾಲ್‌ನಲ್ಲಿ 6ನೇ ವಿಧಿಯನ್ನೇ ತಿದ್ದಿದ್ದರು. ಆದರೆ ಜರ್ಮನಿಯ ಹೋಲಿಕೆಯನ್ನು ತೀರಾ ಎಳೆಯಬೇಡಿ. 1955ರಲ್ಲಿ ಎರಡು ಜರ್ಮನಿಗಳ ನಡುವಿನ ಗಡಿಯಲ್ಲಿ ಯುದ್ಧ ಇರಲಿಲ್ಲ, ಗೆರೆ ಗಟ್ಟಿಯಾಗಿ ನಿಂತಿತ್ತು, ಅಮೆರಿಕದ ಸೈನಿಕರು ಮೊದಲೇ ಆ ನೆಲದಲ್ಲಿದ್ದರು. ಒಂದಾಗಲು ಬಲ ಪ್ರಯೋಗಿಸುವುದಿಲ್ಲ ಎಂದು ಬಾನ್‌ನಲ್ಲಿದ್ದ ಪಶ್ಚಿಮ ಜರ್ಮನಿಯ ಸರ್ಕಾರ 1954ರಲ್ಲೇ ಬರೆದುಕೊಟ್ಟಿತ್ತು.

ಉಕ್ರೇನ್‌ನಲ್ಲಿ ಇದ್ಯಾವುದೂ ಇಲ್ಲ. ರಣರೇಖೆ ಸಾವಿರ ಕಿಲೋಮೀಟರಿಗೂ ಉದ್ದ, ಜರುಗುತ್ತಲೇ ಇರುತ್ತದೆ. ಗೆರೆ ನೆಲದ ಮೇಲೆ ಎಳೆಯಬಹುದು, ಆಕಾಶಕ್ಕೆ? ಒಡೆಸಾ, ಕೀವ್ ಮೇಲೆ ಡ್ರೋನ್ ಬಂದರೆ ಅದು ಗೆರೆಯೊಳಗಿನ ದಾಳಿಯೇ. ಇನ್ನೊಂದು ಅಪಾಯ ಸಹಿಗೂ ಅನುಮೋದನೆಗೂ ನಡುವಿನ ತಿಂಗಳುಗಳದ್ದು. ಆಗ ಉಕ್ರೇನ್ ಸಭೆಗಳಲ್ಲಿ ಕೂರಬಹುದು, 5ನೇ ವಿಧಿಯ ರಕ್ಷಣೆ ಮಾತ್ರ ಇಲ್ಲ. ರಷ್ಯಾ ಹೊಡೆತ ಹೆಚ್ಚಿಸಲು ಅದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

ಉತ್ತರ 3

ಸೇನೆಯ ಹೊಂದಾಣಿಕೆಯ ಬಗ್ಗೆ ಯಾರೂ ಹೇಳಲಿಲ್ಲ. ಉಕ್ರೇನ್ ಬಳಿ ಇರುವ ಹಳೆಯ ಸೋವಿಯತ್ ಫಿರಂಗಿಯ ಬಾಯಿ 152 ಮಿಲಿಮೀಟರ್, ನೇಟೊದ್ದು 155. ಮೂರೇ ಮಿಲಿಮೀಟರ್ ವ್ಯತ್ಯಾಸ, ಆದರೂ ಒಂದರ ಗುಂಡು ಇನ್ನೊಂದಕ್ಕೆ ಬರುವುದಿಲ್ಲ. ಸೋವಿಯತ್ ಫಿರಂಗಿಗೆ ಗುಂಡಿನ ಹಿಂದೆ ಲೋಹದ ಚಿಪ್ಪಿನಲ್ಲಿ ಮದ್ದು ತುರುಕಬೇಕು. ಅಮೆರಿಕ ಕೊಟ್ಟ ಎಂ777ರಂಥ 155 ಮಿಲಿಮೀಟರ್ ತೋಪಿಗೆ ಮದ್ದಿನ ಚೀಲಗಳನ್ನು ದೂರಕ್ಕೆ ತಕ್ಕಂತೆ ಎಣಿಸಿ ಇಡಬೇಕು. ಹಾಗಾಗಿ ಎರಡು ಗೋದಾಮು, ಎರಡು ಗುರಿ ಕೋಷ್ಟಕ, ಎರಡು ತರಬೇತಿ. ಒಂದು ದಳಕ್ಕೆ ತಪ್ಪು ಪೆಟ್ಟಿಗೆ ಹೋದರೆ ಆ ದಿನ ಅಲ್ಲಿ ತೋಪು ಸುಮ್ಮನೆ ನಿಲ್ಲುತ್ತದೆ. ರೈಲು ಹಳಿಯೂ ಹಾಗೇ: ಉಕ್ರೇನ್‌ನಲ್ಲಿ 1520, ಪೋಲೆಂಡಿನಲ್ಲಿ 1435 ಮಿಲಿಮೀಟರ್. ಗಡಿಯಲ್ಲಿ ಸಾಮಾನು ಇಳಿಸಿ ಏರಿಸಬೇಕು, ಇಲ್ಲವೇ ಬೋಗಿಯನ್ನು ಎತ್ತಿ ಚಕ್ರಗಳ ಚೌಕಟ್ಟನ್ನೇ ಬದಲಿಸಬೇಕು.

ಹಾಗಿದ್ದರೂ ಉಕ್ರೇನನ್ನು ತಡೆದಿರುವುದು ಇದಲ್ಲ. 1999ರಲ್ಲಿ ಪೋಲೆಂಡ್ ಸೇರಿದಾಗ ಅದರ ಬಳಿಯೂ ರಾಶಿ ರಾಶಿ ಸೋವಿಯತ್ ಶಸ್ತ್ರಗಳಿದ್ದವು.

ಉತ್ತರ 1

ಒಪ್ಪುತ್ತೇನೆ. ಈಗಿನ ಸ್ಥಿತಿಗೆ ಒಂದು ಮಾತು ಸೇರಿಸುತ್ತೇನೆ. 2025ರ ಫೆಬ್ರವರಿ 12ರಂದು ಅಮೆರಿಕದ ರಕ್ಷಣಾ ಕಾರ್ಯದರ್ಶಿ ಪೀಟ್ ಹೆಗ್ಸೆತ್ ಬ್ರಸೆಲ್ಸ್‌ನಲ್ಲೇ, ಸಂಧಾನದ ಫಲವಾಗಿ ಉಕ್ರೇನ್‌ಗೆ ನೇಟೊ ಸದಸ್ಯತ್ವ ಸಿಗುವುದು ವಾಸ್ತವಿಕವಲ್ಲ ಎಂದರು. ಒಮ್ಮತ ಬೇಕಾದ ಕಡೆ ಇಷ್ಟು ಸಾಕು, ಕಡತ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಕೀವ್ ಒಂದೊಂದೇ ದೇಶದ ಜತೆ ಭದ್ರತಾ ಒಪ್ಪಂದ ಮಾಡಿಕೊಳ್ಳುತ್ತ ಬಂದಿದೆ. ಮೊದಲನೆಯದು ಬ್ರಿಟನ್ ಜತೆ, 2024ರ ಜನವರಿ 12ರಂದು. ರಷ್ಯಾ ಮತ್ತೆ ದಾಳಿ ಮಾಡಿದರೆ 24 ಗಂಟೆಯೊಳಗೆ ಸಮಾಲೋಚನೆ ಎಂದು ಅದರಲ್ಲಿದೆ. ಸೇನೆ ಕಳಿಸುತ್ತೇವೆ ಎಂದಿಲ್ಲ.